ಎಚ್‌ಆರ್ ಕೆಲಸ ಹೊರಗೆ ಕೊಡುವ ಮುನ್ನ: ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಒಂದು ಮಾರ್ಗದರ್ಶಿ

ಹತ್ತು ಜನ ಇರುವವರೆಗೆ ಮಾಲೀಕರೇ ಎಚ್‌ಆರ್. ಇಪ್ಪತ್ತಾದಾಗ ಅದು ಅಕೌಂಟ್ಸ್ ನೋಡುವವರ ಹೆಗಲಿಗೆ ಬೀಳುತ್ತದೆ. ನಲವತ್ತು ದಾಟಿತೆಂದರೆ, ತಿಂಗಳ ಕೊನೆಯ ವಾರ ಆ ಅಕೌಂಟ್ಸ್‌ನವರು ಯಾರ ಫೋನನ್ನೂ ಎತ್ತುವುದಿಲ್ಲ. ಯಾರ ರಜೆ ಎಷ್ಟು ಉಳಿದಿದೆ, ಯಾರಿಗೆ ಓವರ್‌ಟೈಮ್ ಕೊಡಬೇಕು, ಯಾರು ತಿಂಗಳ ನಡುವೆ ಸೇರಿದರು, ಯಾರು ಅಡ್ವಾನ್ಸ್ ತೆಗೆದುಕೊಂಡಿದ್ದಾರೆ, ಇದೆಲ್ಲ ಅರ್ಧ ಒಂದು ಎಕ್ಸೆಲ್ ಶೀಟಿನಲ್ಲಿ, ಇನ್ನರ್ಧ ಅವರೊಬ್ಬರ ತಲೆಯಲ್ಲಿ. ಅವರು ಜ್ವರ ಬಂದು ಮಲಗಿದರೆ ಸಂಬಳವೂ ಮಲಗುತ್ತದೆ.

ಇದು ಇವತ್ತಿನ ತೊಂದರೆ ಏನಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹೆನ್ರಿ ಟೌಬ್ ಎಂಬ ಯುವಕ ಇಂಥದ್ದೇ ಒಂದನ್ನು ನೋಡಿದರಂತೆ. ಸಂಬಳದ ಲೆಕ್ಕ ಬರೆಯುವವರು ಕಾಯಿಲೆ ಬಿದ್ದರು, ಒಂದು ಕಂಪನಿಯಲ್ಲಿ ಸಂಬಳವೇ ತಪ್ಪಿಹೋಯಿತು. ಬೇರೆಯವರ ಸಂಬಳದ ಲೆಕ್ಕ ಮಾಡಿಕೊಡುವುದನ್ನೇ ಅವರು 1949ರಲ್ಲಿ ವ್ಯಾಪಾರ ಮಾಡಿಕೊಂಡರು. ಅದೇ ಬೆಳೆದು, ಸಂಬಳದ ಲೆಕ್ಕ ಮಾಡಿಕೊಡುವ ಇಂದಿನ ದೊಡ್ಡ ಕಂಪನಿ ಎಡಿಪಿ ಆಯಿತು.

ನಾನು ಮೊದಲು ಎಚ್‌ಆರ್ ಕೆಲಸ ಹೊರಗೆ ಕೊಟ್ಟ ಒಂದು ಕಂಪನಿಯಲ್ಲಿದ್ದೆ. ಆಮೇಲೆ ಕೆಲವು ವರ್ಷ ಇಂಥ ಕೆಲಸ ತೆಗೆದುಕೊಳ್ಳುವವರ ಕಡೆಯೂ ಇದ್ದೆ. ಎರಡೂ ಕಡೆ ಕಂಡದ್ದು ಒಂದೇ ತಪ್ಪು. ಕೆಲಸ ಕೊಟ್ಟವರು ಅದರ ಜೊತೆ ಜವಾಬ್ದಾರಿಯೂ ಹೋಯಿತು ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಈ ಮಾತು ಮುಂದೆ ಪ್ರತಿ ಹೆಜ್ಜೆಯಲ್ಲೂ ಅಡ್ಡ ಬರುತ್ತದೆ.

ಹೆಜ್ಜೆ 1: ಒಂದು ತಿಂಗಳು ಸುಮ್ನೆ ಬರೆದಿಡಿ

ಯಾವ ಏಜೆನ್ಸಿಗೂ ಇನ್ನೂ ಫೋನ್ ಮಾಡಬೇಡಿ. ಒಂದು ಪೂರ್ತಿ ತಿಂಗಳು, ಅಂದರೆ ಒಂದು ಸಂಬಳದಿಂದ ಮುಂದಿನ ಸಂಬಳದವರೆಗೆ, ನಿಮ್ಮಲ್ಲಿ ಎಚ್‌ಆರ್ ಅನ್ನಬಹುದಾದ ಕೆಲಸ ಯಾವುದೆಲ್ಲ ನಡೆಯುತ್ತದೆ ಅಂತ ಬರೆದುಕೊಳ್ಳಿ. ಮೂರು ಕಾಲಂ ಸಾಕು: ಕೆಲಸ ಯಾವುದು, ಎಷ್ಟು ಹೊತ್ತು ಹಿಡಿಯಿತು, ತಪ್ಪಿದರೆ ಏನಾಗುತ್ತದೆ.

ಮೂರನೆಯ ಕಾಲಮ್ಮೇ ಮುಖ್ಯ. ಹುಟ್ಟುಹಬ್ಬದ ಪಟ್ಟಿ ತಪ್ಪಿದರೆ ಯಾರೋ ಒಬ್ಬರು ಒಂದು ದಿನ ಮುಖ ಊದಿಸಿಕೊಳ್ಳಬಹುದು. ಸಂಬಳದಿಂದ ಕಡಿತ ಮಾಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವ ದಿನ ತಪ್ಪಿದರೆ ದಂಡ, ಬಡ್ಡಿ, ನೋಟಿಸು. ಎರಡಕ್ಕೂ ಹಿಡಿಯುವ ಹೊತ್ತು ಅರ್ಧ ಗಂಟೆಯೇ ಇರಬಹುದು. ಹೊತ್ತನ್ನು ಮಾತ್ರ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ.

ಈ ಪಟ್ಟಿ ನೋಡಿ ಕೆಲವರು ಇಲ್ಲೇ ನಿಲ್ಲುತ್ತಾರೆ. ತೊಂದರೆ ಇರುವುದು ಹಾಜರಿಯಲ್ಲಿ ಮಾತ್ರ, ಒಂದು ಒಳ್ಳೆಯ ಹಾಜರಿ ಸಾಫ್ಟ್‌ವೇರ್ ಸಾಕು ಅಂತ ಗೊತ್ತಾಗುತ್ತದೆ. ಅದೂ ಲಾಭವೇ.

ಹೆಜ್ಜೆ 2: ಯಾವುದು ಕೊಡಬಹುದು, ಯಾವುದು ಕೊಡಬಾರದು

ನಿಯಮ ಗೊತ್ತಿದ್ದರೆ ಯಾರು ಮಾಡಿದರೂ ಉತ್ತರ ಒಂದೇ ಬರಬೇಕಾದ ಕೆಲಸ ಹೊರಗೆ ಹೋಗಬಹುದು. ಸಂಬಳದ ಲೆಕ್ಕ, ಪೇಸ್ಲಿಪ್, ತೆರಿಗೆ ಕಡಿತ, ಸರ್ಕಾರಕ್ಕೆ ಸಲ್ಲಿಸುವ ರಿಟರ್ನ್, ರಜೆಯ ಲೆಕ್ಕ, ಕೆಲಸ ಬಿಟ್ಟವರ ಕೊನೆಯ ಸೆಟಲ್‌ಮೆಂಟ್, ಅರ್ಜಿದಾರರ ಹಿನ್ನೆಲೆ ಪರಿಶೀಲನೆ, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇಲ್ಲಿ ಹೊರಗಿನವರು ನಿಮಗಿಂತ ಚೆನ್ನಾಗಿ ಮಾಡುವ ಸಾಧ್ಯತೆಯೇ ಜಾಸ್ತಿ. ಅವರು ಅದನ್ನೇ ದಿನವೂ ಮಾಡುತ್ತಾರೆ. ನಿಯಮ ಬದಲಾದರೆ ನಿಮಗಿಂತ ಮೊದಲು ಅವರಿಗೆ ತಿಳಿಯುತ್ತದೆ.

ಆ ಮನುಷ್ಯ ಯಾರು ಅಂತ ಗೊತ್ತಿದ್ದರೆ ಮಾತ್ರ ಉತ್ತರ ಕೊಡಲು ಆಗುವ ಕೆಲಸ ಒಳಗೇ ಉಳಿಯಬೇಕು. ಯಾರ ಸಂಬಳ ಎಷ್ಟು ಏರಿಸಬೇಕು, ಯಾರಿಗೆ ಬಡ್ತಿ, ಇಬ್ಬರ ನಡುವಿನ ಜಗಳವನ್ನು ಹೇಗೆ ಬಗೆಹರಿಸಬೇಕು, ಕಿರುಕುಳದ ದೂರು ಬಂದರೆ ಮೊದಲು ಯಾರು ಕೂತು ಕೇಳಬೇಕು, ಇವು. ತನಿಖೆಗೆ ಹೊರಗಿನ ಪರಿಣತರನ್ನು ಸೇರಿಸಿಕೊಳ್ಳಬಹುದು, ಕೆಲವೊಮ್ಮೆ ಅದೇ ಸರಿ. ಆದರೆ ದೂರು ಕೊಟ್ಟವರು ಒಂದು ಕಾಲ್ ಸೆಂಟರಿಗೆ ಫೋನ್ ಮಾಡಿ ಟಿಕೆಟ್ ನಂಬರ್ ಪಡೆದು ಕಾಯುವ ಹಾಗೆ ಆಗಬಾರದು.

ಒಬ್ಬರನ್ನು ಕೆಲಸದಿಂದ ತೆಗೆಯುವ ಮಾತಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದನ್ನು ಏಜೆನ್ಸಿಯವರ ಕೈಲಿ ಹೇಳಿಸಿದ ಮಾಲೀಕರನ್ನು ನೋಡಿದ್ದೇನೆ. ಅವರಿಗೆ ಸಂಕೋಚ, ಅಷ್ಟೇ. ಹೋದವರು ಹೋದರು. ಉಳಿದವರು ಮಾತ್ರ ಆಮೇಲೆ ಆ ಮಾಲೀಕರನ್ನು ನೋಡುವ ರೀತಿಯೇ ಬದಲಾಯಿತು. ಕಾಗದಪತ್ರ, ಲೆಕ್ಕ ಎಲ್ಲ ಏಜೆನ್ಸಿಯವರು ತಯಾರಿಸಲಿ. ಮಾತು ನೀವೇ ಆಡಿ.

ನೇಮಕಾತಿ ಎರಡರ ನಡುವೆ ಬರುತ್ತದೆ. ಅಭ್ಯರ್ಥಿಗಳನ್ನು ಹುಡುಕುವುದು, ಮೊದಲ ಸುತ್ತಿನ ಸೋಸುವಿಕೆ ಹೊರಗೆ ಕೊಡಿ. ಕೊನೆಯ ಸಂದರ್ಶನ ಕೊಡಬೇಡಿ.

ಹೆಜ್ಜೆ 3: ಯಾವ ಬಗೆಯ ಸೇವೆ ಬೇಕು

ಎಲ್ಲವನ್ನೂ ಎಚ್‌ಆರ್ ಹೊರಗುತ್ತಿಗೆ ಅಂತಲೇ ಕರೆಯುತ್ತಾರೆ. ಒಳಗೆ ಮಾತ್ರ ಬೇರೆ ಬೇರೆ.

ಪೇರೋಲ್ ಸೇವೆ ಎಲ್ಲಕ್ಕಿಂತ ಸರಳ. ನೀವು ಹಾಜರಿ, ರಜೆ, ಬದಲಾವಣೆಗಳನ್ನು ಕಳಿಸುತ್ತೀರಿ. ಅವರು ಲೆಕ್ಕ ಹಾಕಿ ಪೇಸ್ಲಿಪ್ ಕೊಡುತ್ತಾರೆ. ಮೊದಲ ಸಲ ಹೊರಗೆ ಕೊಡುವವರಿಗೆ ನಾನು ಹೇಳುವುದು ಇದನ್ನೇ. ಇದರಲ್ಲಿ ಆರು ತಿಂಗಳು ಹೊಂದಿಕೊಂಡ ಮೇಲೆ ಉಳಿದದ್ದರ ಬಗ್ಗೆ ಯೋಚಿಸಿ.

ನೇಮಕಾತಿ ಏಜೆನ್ಸಿ ಎರಡನೆಯದು. ಇಲ್ಲಿ ಒಂದು ಮಾತು ಕೇಳಲೇಬೇಕು: ಅಭ್ಯರ್ಥಿಗಳ ಹತ್ತಿರ ದುಡ್ಡು ತೆಗೆದುಕೊಳ್ಳುತ್ತೀರಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಪ್ಪಂದ, ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎನ್ನುವುದನ್ನು ಸಾಮಾನ್ಯ ನಿಯಮವಾಗಿ ಇಟ್ಟಿದೆ. ಎಲ್ಲ ದೇಶಗಳೂ ಅದನ್ನು ಅನುಮೋದಿಸಿಲ್ಲ. ಅನುಮೋದಿಸಲಿ ಬಿಡಲಿ, ಸಾಲ ಮಾಡಿ ಏಜೆಂಟರಿಗೆ ಕೊಟ್ಟು ನಿಮ್ಮಲ್ಲಿಗೆ ಬಂದವರು ಆ ಕೋಪವನ್ನು ನಿಮ್ಮ ಮೇಲೆಯೇ ಇಟ್ಟುಕೊಳ್ಳುತ್ತಾರೆ.

ಮೂರನೆಯದರಲ್ಲಿ ಉದ್ಯೋಗದಾತರೇ ಇಬ್ಬರಾಗುತ್ತಾರೆ. ಅಮೆರಿಕದಲ್ಲಿ ಇದನ್ನು ಪಿಇಒ ಅನ್ನುತ್ತಾರೆ. ಕಾಗದದ ಮೇಲೆ ನೌಕರರು ನಿಮಗೂ ಸೇರಿದವರು, ಆ ಕಂಪನಿಗೂ ಸೇರಿದವರು. ಹತ್ತಾರು ಸಣ್ಣ ಕಂಪನಿಗಳ ನೌಕರರನ್ನು ಒಟ್ಟು ಸೇರಿಸುವುದರಿಂದ ಆರೋಗ್ಯ ವಿಮೆ ಅಗ್ಗಕ್ಕೆ ಸಿಗಬಹುದು. ಆದರೆ ಎಲ್ಲ ದೇಶದ ಕಾನೂನೂ ಇಂಥ ಇಬ್ಬರು ಯಜಮಾನರನ್ನು ಒಪ್ಪುವುದಿಲ್ಲ. ಇದಕ್ಕೆ ಹತ್ತಿರದ್ದು ಇಒಆರ್: ನಿಮಗೆ ಕಚೇರಿಯೇ ಇಲ್ಲದ ದೇಶದಲ್ಲಿ ಒಬ್ಬರನ್ನು ನೇಮಿಸಬೇಕಾದರೆ, ಅಲ್ಲಿನ ಒಂದು ಕಂಪನಿ ತನ್ನ ಹೆಸರಿನಲ್ಲಿ ನೇಮಿಸಿ, ಕೆಲಸ ನಿಮಗಾಗಿ ಮಾಡಿಸುತ್ತದೆ. ಇವೆರಡಕ್ಕೂ ಕೈ ಹಾಕುವ ಮುನ್ನ ನಿಮ್ಮ ದೇಶದ ಕಾರ್ಮಿಕ ಕಾನೂನು ಬಲ್ಲ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ.

ಜವಾಬ್ದಾರಿಯ ಮಾತು ಇಲ್ಲಿ ಮತ್ತೆ ಬರುತ್ತದೆ. ಅಮೆರಿಕದ ತೆರಿಗೆ ಇಲಾಖೆ ನೇರವಾಗಿಯೇ ಹೇಳುತ್ತದೆ: ಪೇರೋಲ್ ಸೇವೆಯವರು ತೆರಿಗೆ ಕಟ್ಟದೆ ಹೋದರೆ ಕಟ್ಟಬೇಕಾದವರು ಕಂಪನಿಯವರೇ. 2014ರಲ್ಲಿ ಬಂದ ಒಂದು ಕಾನೂನಿನ ಅಡಿ ಪ್ರಮಾಣಪತ್ರ ಪಡೆದ ಪಿಇಒಗಳ ವಿಷಯದಲ್ಲಿ ಮಾತ್ರ ಈ ಹೊರೆ ಬಹುಪಾಲು ಅವರ ಮೇಲೆ ಹೋಗುತ್ತದೆ. ನಿಮ್ಮ ದೇಶದ ನಿಯಮ ಏನು ಅಂತ ತಿಳಿದುಕೊಳ್ಳಿ. ಗೊತ್ತಾಗುವವರೆಗೆ, ದಂಡ ಬಂದರೆ ನಿಮಗೇ ಬರುತ್ತದೆ ಅಂದುಕೊಂಡೇ ನಡೆಯಿರಿ.

ಹೆಜ್ಜೆ 4: ಕಂಪನಿ ಆರಿಸುವಾಗ

ಮೂರು ಕಂಪನಿಗಳನ್ನು ಕರೆಸಿ. ಪ್ರೆಸೆಂಟೇಶನ್ ಎಲ್ಲರದೂ ಚೆನ್ನಾಗಿರುತ್ತದೆ, ಅದನ್ನು ನೋಡಿ ತೀರ್ಮಾನಿಸಬೇಡಿ. ಮಾರಲು ಬಂದವರಿಗಿಂತ, ನಾಳೆ ನಿಮ್ಮ ಕೆಲಸ ನಿಜವಾಗಿ ಮಾಡುವವರ ಜೊತೆ ಅರ್ಧ ಗಂಟೆ ಮಾತಾಡಬೇಕು ಅಂತ ಕೇಳಿ. ಅದಕ್ಕೆ ಒಪ್ಪದವರನ್ನು ಅಲ್ಲಿಗೇ ಬಿಡಿ.

ನಿಮ್ಮಷ್ಟೇ ದೊಡ್ಡ, ಅಥವಾ ನಿಮ್ಮಷ್ಟೇ ಚಿಕ್ಕ, ಇಬ್ಬರು ಗ್ರಾಹಕರ ನಂಬರ್ ಕೇಳಿ. ಸಾವಿರ ಜನರ ಕಂಪನಿ ಅವರ ಬಗ್ಗೆ ಒಳ್ಳೆಯದು ಹೇಳಿದರೆ ನಿಮಗೆ ಉಪಯೋಗವಿಲ್ಲ. ಅವರಿಗೆ ಸಿಗುವ ಮರ್ಯಾದೆ ಮೂವತ್ತು ಜನರ ಕಂಪನಿಗೆ ಸಿಗುತ್ತದೆ ಅಂತೇನಿಲ್ಲ. ಆ ಇಬ್ಬರ ಹತ್ತಿರ 'ಚೆನ್ನಾಗಿದ್ದಾರಾ' ಅಂತ ಕೇಳಬೇಡಿ. 'ಕೊನೆಯ ಸಲ ಅವರು ಏನು ತಪ್ಪು ಮಾಡಿದರು, ಸರಿಪಡಿಸಲು ಎಷ್ಟು ದಿನ ಹಿಡಿಯಿತು' ಅಂತ ಕೇಳಿ.

ಆಮೇಲೆ ದುಡ್ಡಿನ ದಾರಿ. ಇದನ್ನು ಕೇಳುವವರು ಕಡಿಮೆ. ಸಂಬಳದ ಹಣ ನಿಮ್ಮ ಬ್ಯಾಂಕ್ ಖಾತೆಯಿಂದ ನೇರ ನೌಕರರಿಗೆ ಹೋಗುತ್ತದೋ, ನಡುವೆ ಸೇವಾ ಕಂಪನಿಯ ಖಾತೆಯಲ್ಲಿ ಇಳಿದು ಹೋಗುತ್ತದೋ? 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೈಪೇರೋಲ್‌ಎಚ್‌ಆರ್ ಎಂಬ ಕಂಪನಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಗ್ರಾಹಕ ಕಂಪನಿಗಳು ಸಂಬಳಕ್ಕೆಂದು ಕೊಟ್ಟ ಹಣ ಬೇರೆ ಕಡೆಗೆ ತಿರುಗಿತ್ತು. ಕೆಲವು ನೌಕರರ ಖಾತೆಗೆ ಬಂದಿದ್ದ ಸಂಬಳವನ್ನು ವಾಪಸ್ ಎಳೆದುಕೊಂಡದ್ದೂ ಆಯಿತು. ಬಿದ್ದದ್ದು ಬಹುತೇಕ ಸಣ್ಣ ಕಂಪನಿಗಳ ಮೇಲೆ. ಸಂಬಳ ಕೊಟ್ಟಾಗಿದೆ ಅಂದುಕೊಂಡಿದ್ದ ಮಾಲೀಕರು ಎರಡನೆಯ ಸಲ ಕೊಡಬೇಕಾಯಿತು.

ಆದ್ದರಿಂದ ಸಾಧ್ಯವಿದ್ದರೆ ಲೆಕ್ಕ ಮಾತ್ರ ಅವರು ಮಾಡಲಿ. ಬ್ಯಾಂಕಿಗೆ ಹೋಗುವ ಪಾವತಿ ಫೈಲನ್ನು ಅವರು ತಯಾರಿಸಲಿ, ಒಪ್ಪಿಗೆಯ ಬಟನ್ ನೀವು ಒತ್ತಿ. ಒಂದು ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು, ಹಿಡಿಯಲಿ.

ಸಿಸ್ಟಮ್ ಬಿದ್ದುಹೋದರೆ ಏನು ಮಾಡುತ್ತೀರಿ ಅಂತಲೂ ಕೇಳಿ. 2021ರ ಡಿಸೆಂಬರ್‌ನಲ್ಲಿ ಕ್ರೋನೋಸ್ ಎಂಬ ದೊಡ್ಡ ಹಾಜರಿ ಮತ್ತು ಪೇರೋಲ್ ವ್ಯವಸ್ಥೆಯ ಮೇಲೆ ರ‍್ಯಾನ್‌ಸಮ್‌ವೇರ್ ದಾಳಿ (ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು) ನಡೆದು, ಅದು ವಾರಗಟ್ಟಲೆ ನಿಂತುಹೋಯಿತು. ದೊಡ್ಡ ದೊಡ್ಡ ಸಂಸ್ಥೆಗಳೇ ಕಾಗದದಲ್ಲಿ ಹಾಜರಿ ಬರೆಯಬೇಕಾಯಿತು. 'ನಮ್ಮಲ್ಲಿ ಬ್ಯಾಕಪ್ ಇದೆ' ಅನ್ನುವುದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಎಲ್ಲಿದೆ, ಕೊನೆಯ ಸಲ ಅದರಿಂದ ವಾಪಸ್ ತಂದು ನೋಡಿದ್ದು ಯಾವಾಗ? ಇದಕ್ಕೆ ದಿನಾಂಕದ ಸಮೇತ ಉತ್ತರ ಬರಬೇಕು.

ಐಎಸ್‌ಒ 27001 ಪ್ರಮಾಣಪತ್ರ ತೋರಿಸುತ್ತಾರೆ. ಮಾಹಿತಿ ಭದ್ರತೆಗೆ ಅದು ಒಳ್ಳೆಯ ಗುರುತೇ. ಆದರೆ ಅದು ಯಾವ ಕಚೇರಿಗೆ, ಯಾವ ಸೇವೆಗೆ ಸಿಕ್ಕಿದೆ ಎನ್ನುವ ಸಾಲನ್ನು ಓದಿ. ಪೇರೋಲ್ ಮಾಡುವ ಕಚೇರಿಯೇ ಅದರಲ್ಲಿ ಇಲ್ಲದಿರಬಹುದು. ಹೊರಗಿನ ಆಡಿಟರು ಅವರ ವ್ಯವಸ್ಥೆಯನ್ನು ಪರೀಕ್ಷಿಸಿ ಕೊಡುವ ಎಸ್‌ಒಸಿ 1 ವರದಿ ಇದ್ದರೆ, ಟೈಪ್ 2 ಇದೆಯಾ ಅಂತ ನೋಡಿ. ಟೈಪ್ 1 ಒಂದು ದಿನದ ಚಿತ್ರ. ಟೈಪ್ 2 ಕೆಲವು ತಿಂಗಳು ವ್ಯವಸ್ಥೆ ನಿಜವಾಗಿ ನಡೆದಿದೆಯಾ ಅಂತ ಪರೀಕ್ಷಿಸಿದ್ದು.

ಹೆಜ್ಜೆ 5: ದರ

ಸಾಮಾನ್ಯವಾಗಿ ತಿಂಗಳಿಗೆ ತಲೆಗಿಷ್ಟು ಅಂತ ಇರುತ್ತದೆ, ಇಲ್ಲವೇ ತಿಂಗಳಿಗೆ ಒಂದು ನಿಗದಿ ಮೊತ್ತ. ನೇಮಕಾತಿಗೆ ಹೊಸಬರ ಮೊದಲ ವರ್ಷದ ಸಂಬಳದ ಇಂತಿಷ್ಟು ಪಾಲು. ಆ ಹೊಸಬರು ಬೇಗ ಬಿಟ್ಟುಹೋದರೆ ಬದಲಿಗೆ ಇನ್ನೊಬ್ಬರನ್ನು ಉಚಿತವಾಗಿ ಹುಡುಕಿಕೊಡುತ್ತಾರಾ, ಎಷ್ಟು ದಿನದೊಳಗೆ, ಅದನ್ನು ಬರೆಸಿಕೊಳ್ಳಿ.

ತಲೆಗಿಷ್ಟು ಅನ್ನುವ ಸಂಖ್ಯೆ ನೋಡಿ ಮರುಳಾಗಬೇಡಿ. ಬಿಲ್ ಏರುವುದು ಪಕ್ಕದ ಸಾಲುಗಳಿಂದ: ಶುರುವಿನ ಸೆಟಪ್ ಶುಲ್ಕ, ತಿಂಗಳ ನಡುವೆ ಒಂದು ಬೋನಸ್ ಕೊಟ್ಟರೆ ಅದಕ್ಕೊಂದು ಶುಲ್ಕ, ಕೆಲಸ ಬಿಟ್ಟವರ ಸೆಟಲ್‌ಮೆಂಟಿಗೆ ಒಂದು, ವರ್ಷದ ಕೊನೆಯ ತೆರಿಗೆ ಫಾರಂಗಳಿಗೆ ಒಂದು, ನಿಮಗೆ ಬೇಕಾದ ಹಾಗೆ ರಿಪೋರ್ಟ್ ಮಾಡಿಕೊಡಲು ಒಂದು. ಕಳೆದ ವರ್ಷ ನಿಮ್ಮಲ್ಲಿ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. 'ಇಷ್ಟು ಜನ ಸೇರಿದರು, ಇಷ್ಟು ಜನ ಬಿಟ್ಟರು, ಎರಡು ಸಲ ಬೋನಸ್ ಕೊಟ್ಟೆವು, ಇದಕ್ಕೆ ಇಡೀ ವರ್ಷದ ಬಿಲ್ ಎಷ್ಟಾಗುತ್ತಿತ್ತು' ಅಂತ ಮೂವರನ್ನೂ ಕೇಳಿ. ಆಗ ಅಗ್ಗ ಅನ್ನಿಸಿದವರು ಅಗ್ಗ ಅಲ್ಲ ಅಂತ ಕಾಣಬಹುದು.

ಹೆಜ್ಜೆ 6: ಒಪ್ಪಂದ

ಅಗ್ರಿಮೆಂಟನ್ನು ಹಿಂದಿನಿಂದ ಓದಿ. ಮುಗಿಸುವ ಷರತ್ತು ಅಲ್ಲಿರುತ್ತದೆ. ಸೇರುವಾಗ ಎಲ್ಲರೂ ನಗುತ್ತಾರೆ, ಬಿಡುವಾಗ ಮಾತ್ರ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಎಷ್ಟು ದಿನದ ನೋಟಿಸ್ ಕೊಡಬೇಕು, ಬಿಟ್ಟ ಮೇಲೆ ನಿಮ್ಮ ನೌಕರರ ಹಳೆಯ ದಾಖಲೆಗಳನ್ನೆಲ್ಲ ಎಷ್ಟು ದಿನದಲ್ಲಿ ಕೊಡುತ್ತಾರೆ, ಯಾವ ರೂಪದಲ್ಲಿ? ಪಿಡಿಎಫ್ ಗುಡ್ಡೆ ಕೊಟ್ಟರೆ ಹೊಸಬರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಎಕ್ಸೆಲ್ ಅಥವಾ ಸಿಎಸ್‌ವಿ ಅಂತ ಬರೆಸಿ. ಅದಕ್ಕೆ ಶುಲ್ಕ ಇಲ್ಲ ಅಂತಲೂ ಬರೆಸಿ.

ಅವರ ತಪ್ಪಿನಿಂದ ದಂಡ ಬಿದ್ದರೆ ಯಾರು ಕಟ್ಟುತ್ತಾರೆ? ಸರ್ಕಾರ ನಿಮ್ಮನ್ನೇ ಹಿಡಿಯುತ್ತದೆ, ಸರಿ. ಆದರೆ ಅದನ್ನು ಅವರಿಂದ ವಸೂಲಿ ಮಾಡುವ ಹಕ್ಕು ನಿಮಗಿರಬೇಕು. ಇಲ್ಲಿ ಒಂದು ಮಿತಿಯ ಸಾಲು ಇರುತ್ತದೆ, ಅದು ಎಷ್ಟೋ ಸಲ ಒಂದೆರಡು ತಿಂಗಳ ಶುಲ್ಕದಷ್ಟೇ ಇರುತ್ತದೆ. ಅದರ ಮೇಲೆ ಜಗ್ಗಾಡಿ.

ಅವರು ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡುತ್ತಾರಾ ಅನ್ನುವುದೂ ಗೊತ್ತಿರಬೇಕು. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಈ ವಿಷಯದಲ್ಲಿ ಬಿಗಿ. ನೌಕರರ ಮಾಹಿತಿಯ ಜವಾಬ್ದಾರಿ ನಿಮ್ಮದು, ಸೇವಾ ಕಂಪನಿ ನಿಮ್ಮ ಪರವಾಗಿ ಅದನ್ನು ಬಳಸುವವರು ಮಾತ್ರ. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಅವರು ಅದನ್ನು ಮೂರನೆಯವರಿಗೆ ಕೊಡುವ ಹಾಗಿಲ್ಲ. ಮಾಹಿತಿ ಸೋರಿದ್ದು ಗೊತ್ತಾದರೆ, ಜನರಿಗೆ ಅದರಿಂದ ಅಪಾಯವಿರುವಾಗ, 72 ಗಂಟೆಯೊಳಗೆ ನೀವು ಅಧಿಕಾರಿಗಳಿಗೆ ತಿಳಿಸಬೇಕು. ನೀವು ಯುರೋಪಿನಲ್ಲಿ ಇಲ್ಲದಿದ್ದರೂ ಈ ಮೂರು ಮಾತನ್ನು ನಕಲು ಮಾಡಿ ನಿಮ್ಮ ಒಪ್ಪಂದಕ್ಕೆ ಹಾಕಿಕೊಳ್ಳಬಹುದು. ನೀವು 72 ಗಂಟೆಯೊಳಗೆ ಹೇಳಬೇಕಾದರೆ ಅವರು ನಿಮಗೆ 24 ಗಂಟೆಯೊಳಗೆ ಹೇಳಲಿ.

ಹೆಜ್ಜೆ 7: ಒಪ್ಪಿಸುವುದು

ಹೆಚ್ಚು ಕಡೆ ಕೆಡುವುದು ಇಲ್ಲೇ. ನಾನಿದ್ದ ಕಂಪನಿಯಲ್ಲಿ ಕೆಟ್ಟದ್ದೂ ಇಲ್ಲೇ. ನಮ್ಮ ಎಕ್ಸೆಲ್ ಶೀಟನ್ನು ಹಾಗೆಯೇ ಏಜೆನ್ಸಿಗೆ ಕಳಿಸಿದೆವು. ಅದರಲ್ಲಿ ರಜೆಯ ಎರಡು ಕಾಲಂ ಇದ್ದವು: ಒಂದು ಬಳಸಿದ ರಜೆ, ಒಂದು ಉಳಿದ ರಜೆ. ತಲೆಬರಹ ಮಾತ್ರ ಎರಡಕ್ಕೂ 'ರಜೆ' ಅಂತಲೇ. ನಮ್ಮವರಿಗೆ ಯಾವುದು ಯಾವುದು ಅಂತ ಗೊತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ. ಇಡೀ ವರ್ಷ ರಜೆಯನ್ನೇ ಹಾಕದೆ ದುಡಿದವರ ಲೆಕ್ಕದಲ್ಲಿ ಸೊನ್ನೆ ರಜೆ ಉಳಿಯಿತು. ಆ ವಾರ ನಮ್ಮ ಕಚೇರಿ ಹೇಗಿತ್ತು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಕಳಿಸುವ ಮೊದಲು ಡೇಟಾ ತೊಳೆಯಿರಿ. ಹೆಸರಿನ ಕಾಗುಣಿತ ಬ್ಯಾಂಕಿನಲ್ಲಿ ಇರುವ ಹಾಗೇ ಇದೆಯಾ, ಸೇರಿದ ದಿನ, ಖಾತೆ ನಂಬರ್, ತೆರಿಗೆ ಗುರುತು ಸಂಖ್ಯೆ, ಉಳಿದ ರಜೆ, ತೀರದ ಸಾಲ. ಒಂದೊಂದು ಕಾಲಮ್ಮಿಗೂ ಒಂದು ಸಾಲಿನ ವಿವರಣೆ ಬರೆಯಿರಿ. ಆಮೇಲೆ ಪ್ರತಿಯೊಬ್ಬ ನೌಕರರಿಗೂ ಅವರವರ ಸಾಲನ್ನು ಮಾತ್ರ ತೋರಿಸಿ, 'ಸರಿ ಇದೆಯಾ ನೋಡಿ' ಅಂತ ಸಹಿ ಹಾಕಿಸಿಕೊಳ್ಳಿ. ನಾವು ಇದನ್ನು ಮಾಡಿದ್ದರೆ ರಜೆಯ ತಪ್ಪು ಅರ್ಧ ದಿನದಲ್ಲಿ ಸಿಕ್ಕಿಬೀಳುತ್ತಿತ್ತು.

ಎರಡು ತಿಂಗಳು, ಸಾಧ್ಯವಾದರೆ ಮೂರು ತಿಂಗಳು, ಎರಡೂ ಕಡೆ ಲೆಕ್ಕ ನಡೆಯಲಿ. ಹಳೆಯ ರೀತಿಯಲ್ಲಿ ನಿಮ್ಮವರು ಹಾಕಲಿ, ಹೊಸಬರೂ ಹಾಕಲಿ. ಸಂಬಳ ಹಳೆಯದರ ಪ್ರಕಾರವೇ ಹೋಗಲಿ. ಎರಡನ್ನೂ ಒಬ್ಬೊಬ್ಬರ ಸಾಲು ಹಿಡಿದು ಹೋಲಿಸಿ. ಒಟ್ಟು ಮೊತ್ತ ಸರಿ ಬಂತು ಅಂತ ಬಿಡಬೇಡಿ, ಒಬ್ಬರಿಗೆ ಜಾಸ್ತಿ ಇನ್ನೊಬ್ಬರಿಗೆ ಕಡಿಮೆ ಆದರೂ ಒಟ್ಟು ಸರಿಯೇ ಬರುತ್ತದೆ. ವ್ಯತ್ಯಾಸ ಸಿಕ್ಕರೆ ಹೊಸಬರದೇ ತಪ್ಪು ಅಂತ ಹಾರಾಡಲೂ ಬೇಡಿ. ವರ್ಷಗಟ್ಟಲೆ ನೀವೇ ತಪ್ಪು ಲೆಕ್ಕ ಹಾಕುತ್ತಾ ಬಂದದ್ದು ಈ ಸಮಯದಲ್ಲಿ ಹೊರಬರುವುದುಂಟು.

ಶುರು ಮಾಡಲು ಹಣಕಾಸು ವರ್ಷದ ಮೊದಲ ತಿಂಗಳು ಒಳ್ಳೆಯದು. ನಡುವೆ ಸೇರಿಸಿದರೆ ಅಲ್ಲಿಯವರೆಗಿನ ಸಂಬಳ, ಕಡಿತ ಎಲ್ಲವನ್ನೂ ತಿಂಗಳು ತಿಂಗಳಾಗಿ ಒಪ್ಪಿಸಬೇಕಾಗುತ್ತದೆ.

ಹೆಜ್ಜೆ 8: ನೌಕರರಿಗೆ ಹೇಳಿ

ಏಜೆನ್ಸಿಯ ಮೇಲ್ ಬಂದ ದಿನ ನೌಕರರಿಗೆ ವಿಷಯ ಗೊತ್ತಾಗಬಾರದು. 'ನಮ್ಮನ್ನೂ ಹೊರಗೆ ಕೊಡುತ್ತಾರಾ' ಅನ್ನುವ ಗುಸುಗುಸು ಅಲ್ಲಿಂದಲೇ ಹುಟ್ಟುತ್ತದೆ. ಮೊದಲೇ ಕೂರಿಸಿ ಹೇಳಿ: ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ, ನಿಮ್ಮ ಯಾವ ಮಾಹಿತಿ ಅವರಿಗೆ ಹೋಗುತ್ತದೆ, ಪೇಸ್ಲಿಪ್ ತಪ್ಪಿದ್ದರೆ ಯಾರನ್ನು ಕೇಳಬೇಕು. ಆ ಕೊನೆಯದಕ್ಕೆ ಉತ್ತರ ನಿಮ್ಮ ಕಚೇರಿಯೊಳಗಿನ ಒಬ್ಬರ ಹೆಸರಾಗಿರಲಿ, ಇಮೇಲ್ ವಿಳಾಸ ಅಲ್ಲ. ಎಚ್‌ಆರ್ ಪೂರ್ತಿ ಹೊರಗೆ ಹೋದರೂ ಒಳಗೆ ಒಬ್ಬರು ಬೇಕೇ ಬೇಕು. ಬೇರೆ ಕೆಲಸದ ಜೊತೆ ಇದನ್ನೂ ನೋಡುವವರಾದರೂ ಪರವಾಗಿಲ್ಲ.

ಹೆಜ್ಜೆ 9: ತಿಂಗಳು ತಿಂಗಳು ನೋಡಿ

ಸಂಬಳಕ್ಕೆ ಒಪ್ಪಿಗೆ ಕೊಡುವ ಮುನ್ನ ಒಂದೇ ಒಂದು ರಿಪೋರ್ಟ್ ಕೇಳಿ: ಹೋದ ತಿಂಗಳಿಗೂ ಈ ತಿಂಗಳಿಗೂ ಯಾರ ಸಂಬಳದಲ್ಲಿ ವ್ಯತ್ಯಾಸ ಇದೆ, ಯಾಕೆ. ನಲವತ್ತು ಜನರಲ್ಲಿ ಆರೋ ಏಳೋ ಸಾಲು ಬರುತ್ತದೆ. ಐದು ನಿಮಿಷದಲ್ಲಿ ಓದಿ ಮುಗಿಯುತ್ತದೆ. ಜೊತೆಗೆ ಹೆಸರುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಬಿಟ್ಟುಹೋದವರ ಹೆಸರು ಪಟ್ಟಿಯಲ್ಲಿ ಉಳಿದು ಸಂಬಳ ಹೋಗುತ್ತಲೇ ಇರುವುದು ಹಳೆಯ ರೋಗ. ಹೊರಗಿನವರಿಗೆ ನಿಮ್ಮ ಜನರ ಮುಖ ಗೊತ್ತಿಲ್ಲ, ಆದ್ದರಿಂದ ಅವರಿಗೆ ಅದು ಕಾಣುವುದಿಲ್ಲ.

ಸರ್ಕಾರಕ್ಕೆ ಹಣ ಕಟ್ಟಿದ ರಸೀದಿಯ ನಕಲು ಪ್ರತಿ ತಿಂಗಳೂ ಬರಬೇಕು. 'ಕಟ್ಟಿದ್ದೇವೆ' ಅನ್ನುವ ಮೇಲ್ ರಸೀದಿ ಅಲ್ಲ. ಸಾಧ್ಯವಿದ್ದರೆ ಸರ್ಕಾರದ ಪೋರ್ಟಲ್‌ಗೆ ನೀವೇ ಲಾಗಿನ್ ಆಗಿ ನೋಡಿ. ಆ ಪೋರ್ಟಲ್‌ಗಳ ಪಾಸ್‌ವರ್ಡ್ ಏಜೆನ್ಸಿಯ ಹತ್ತಿರ ಮಾತ್ರ ಇರಬಾರದು. ನೋಂದಾಯಿಸಿದ ಫೋನ್ ನಂಬರೂ ನಿಮ್ಮದೇ ಇರಲಿ.

ಇನ್ನೊಂದು ಮೋಸ ಈಗ ಜಾಸ್ತಿ. ನೌಕರರ ಹೆಸರಿನಲ್ಲಿ ಏಜೆನ್ಸಿಗೆ ಒಂದು ಮೇಲ್ ಹೋಗುತ್ತದೆ, 'ನನ್ನ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಸಂಬಳ ಇಲ್ಲಿಗೆ ಹಾಕಿ' ಅಂತ. ಎದುರಿಗೆ ಕೂತ ಅಕೌಂಟ್ಸ್‌ನವರಾಗಿದ್ದರೆ ಎದ್ದು ಹೋಗಿ ಕೇಳುತ್ತಿದ್ದರು. ದೂರದಲ್ಲಿ ಇರುವವರು ಬದಲಿಸಿಬಿಡುತ್ತಾರೆ. ಖಾತೆ ಬದಲಾವಣೆ ಇದ್ದರೆ ನಿಮ್ಮ ಕಚೇರಿಯವರು ಆ ನೌಕರರನ್ನು ನೇರವಾಗಿ ಕೇಳಿ ಖಚಿತ ಮಾಡಿದ ಮೇಲೆಯೇ ಅದು ಜಾರಿಗೆ ಬರಬೇಕು ಅಂತ ಮೊದಲ ದಿನವೇ ನಿಯಮ ಮಾಡಿ.

ಎರಡು ವರ್ಷ ಕಳೆದ ಮೇಲೆ ಇನ್ನೊಂದು ತೊಂದರೆ ಮೆಲ್ಲಗೆ ತಲೆ ಹಾಕುತ್ತದೆ. ನಿಮ್ಮ ಕಂಪನಿಯಲ್ಲಿ ಸಂಬಳ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಗೊತ್ತಿರುವವರು ಒಬ್ಬರೂ ಉಳಿದಿರುವುದಿಲ್ಲ. ಆಗ ಏಜೆನ್ಸಿ ದರ ಏರಿಸಿದರೂ ನೀವು ತುಟಿ ಬಿಚ್ಚುವ ಹಾಗಿಲ್ಲ. ವರ್ಷಕ್ಕೆ ಒಂದು ಸಲ ಯಾವುದಾದರೂ ತಿಂಗಳ ಐದು ಪೇಸ್ಲಿಪ್ ಆರಿಸಿಕೊಳ್ಳಿ: ಹೊಸಬರೊಬ್ಬರದು, ಓವರ್‌ಟೈಮ್ ಇರುವವರದು, ಸಂಬಳವಿಲ್ಲದ ರಜೆ ಹಾಕಿದವರದು, ಸಾಲ ಇರುವವರದು, ಬಿಟ್ಟುಹೋದವರದು. ಆ ಐದನ್ನೂ ನಿಮ್ಮವರೇ ಕ್ಯಾಲ್ಕುಲೇಟರ್ ಹಿಡಿದು ಮೊದಲಿನಿಂದ ಲೆಕ್ಕ ಹಾಕಲಿ. ಒಂದು ಮಧ್ಯಾಹ್ನ ಸಾಕು.